ಮಕ್ಕಳಿಗೆ ರಸ್ತೆ ನಿಯಮ ಕಲಿಸುವ ಆಟದ ಸೆಟ್: ತಗೊಳ್ಳಿ, ಆದ್ರೆ ಬಾಣಗಳನ್ನು ತಿದ್ದಿ ಕೊಡಿ

ಚಿಕ್ಕ ಮಕ್ಕಳಿಗೆ ರಸ್ತೆ ನಿಯಮ ಕಲಿಸಲಿಕ್ಕೆ ಅಂತ ಈಗ ಆಟಿಕೆ ಅಂಗಡಿಗಳಲ್ಲಿ ಒಂದು ಸೆಟ್ ಸಿಗುತ್ತಿದೆ. ನೆಲಕ್ಕೆ ಹಾಸುವ ದಪ್ಪ ಬಟ್ಟೆ, ಅದರ ಮೇಲೆ ಅಚ್ಚು ಹಾಕಿದ ರಸ್ತೆ, ಸರ್ಕಲ್, ಜೀಬ್ರಾ ಪಟ್ಟೆ. ಜೊತೆಗೆ ಪ್ಲಾಸ್ಟಿಕ್ ಕಾರುಗಳು, ರಟ್ಟಿನ ಬೋರ್ಡುಗಳು, ಸೆಲ್ ಹಾಕಿದರೆ ಉರಿಯುವ ಒಂದು ಸಿಗ್ನಲ್ ಕಂಬ, ಎರಡು ಪುಟ್ಟ ಗೊಂಬೆ, ಒಂದು ಬಣ್ಣದ ಪುಸ್ತಕ, ಮಗು ತಲೆಗೆ ಹಾಕಿಕೊಳ್ಳಲು ಒಂದು ಹಳದಿ ಹೆಲ್ಮೆಟ್. ಮೈಸೂರಿಗೆ ಹೋದಾಗ ಸಂತೆಪೇಟೆ ಕಡೆ ಒಂದು ಅಂಗಡಿಯಲ್ಲಿ ತಗೊಂಡೆ. 900 ರೂಪಾಯಿ ಒಳಗೆ ಬಂತು. ಮಂಡ್ಯದ ನಮ್ಮ ಮನೆಯಲ್ಲಿ ಯುಕೆಜಿ ಓದುವ ಮಗ ಇದ್ದಾನೆ, ಸಂಜೆಯಾದರೆ ಅಕ್ಕಪಕ್ಕದ ಮಕ್ಕಳೂ ಬಂದು ಸೇರುತ್ತಾರೆ. ಎಲ್ಲರೂ ಸೇರಿ ಚೆನ್ನಾಗಿ ಆಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಸೆಟ್ ಒಳ್ಳೆಯದೇ. ದುಡ್ಡಿಗೆ ಮೋಸ ಇಲ್ಲ. ಆದರೆ ಡಬ್ಬ ಬಿಚ್ಚಿ ಹಾಗೇ ಮಗುವಿನ ಕೈಗೆ ಕೊಡಬೇಡಿ. ಯಾಕಂದ್ರೆ ಅದರಲ್ಲಿರುವ ರಸ್ತೆ ನಮ್ಮ ರಸ್ತೆ ಅಲ್ಲ, ಮತ್ತು ಈ ವಿಷಯದಲ್ಲಿ ಆ ವ್ಯತ್ಯಾಸ ಸಣ್ಣದಲ್ಲ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ಬಟ್ಟೆ ಗಟ್ಟಿ ಇದೆ. ಹಿಂಬದಿ ರಬ್ಬರ್ ತರಹದ ಲೇಪ ಇರುವುದರಿಂದ ಮೊಸಾಯಿಕ್ ನೆಲದ ಮೇಲೂ ಜಾರುವುದಿಲ್ಲ. ಹಾಲು ಚೆಲ್ಲಿದಾಗ ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಬಣ್ಣ ಬಿಡಲಿಲ್ಲ. ಸಿಗ್ನಲ್ ಕಂಬಕ್ಕೆ ಪೆನ್ಸಿಲ್ ಸೆಲ್ ಹಾಕಬೇಕು, ಮುಚ್ಚಳಕ್ಕೆ ಸ್ಕ್ರೂ ಇದೆ. ಇದು ನನಗೆ ತುಂಬಾ ಇಷ್ಟವಾಯಿತು. ಬಟನ್ ಸೆಲ್ ಹಾಕುವ ಆಟಿಕೆಗಳನ್ನು ನಾನು ಮನೆಗೆ ತರುವುದೇ ಇಲ್ಲ, ಅದನ್ನು ಮಗು ನುಂಗಿದರೆ ಅನ್ನನಾಳ ಸುಟ್ಟು ಹೋಗುವಷ್ಟು ಅಪಾಯ. ಕಾರುಗಳ ಚಕ್ರ ಮಾತ್ರ ಸ್ವಲ್ಪ ಸಡಿಲ, ಎಳೆದರೆ ಕೈಗೆ ಬರುತ್ತದೆ. ಮನೆಯಲ್ಲಿ ಮೂರು ವರ್ಷದ ಒಳಗಿನ ಮಗು ಇದ್ದರೆ ಕಾರುಗಳನ್ನು ಎತ್ತಿಟ್ಟುಬಿಡಿ.

ಈಗ ದೊಡ್ಡ ತಕರಾರಿಗೆ ಬರುತ್ತೇನೆ. ಹಾಸಿನ ಮೇಲೆ ರಸ್ತೆಯುದ್ದಕ್ಕೂ ಬಿಳಿ ಬಾಣದ ಗುರುತುಗಳಿವೆ ಅಲ್ವಾ, ಅವೆಲ್ಲ ಬಲಗಡೆ ಓಡುವ ವಾಹನಗಳಿಗೆ ಬರೆದವು. ಅಮೆರಿಕದಲ್ಲಿ, ಚೀನಾದಲ್ಲಿ ವಾಹನ ಬಲಕ್ಕೆ ಓಡುತ್ತದೆ. ನಮ್ಮಲ್ಲಿ ಎಡಕ್ಕೆ. ಅಲ್ಲಿಯ ಮಕ್ಕಳಿಗೆ ಮಾಡಿದ ಚಿತ್ರವನ್ನೇ ತಂದು ಇಲ್ಲಿ ಮಾರುತ್ತಿದ್ದಾರೆ. ಜೊತೆಗಿರುವ ಪುಸ್ತಕದಲ್ಲೂ ಹಾಗೇ ಇದೆ: ಮೊದಲು ಎಡಕ್ಕೆ ನೋಡು, ಆಮೇಲೆ ಬಲಕ್ಕೆ ನೋಡು, ಮತ್ತೆ ಎಡಕ್ಕೆ ನೋಡಿ ದಾಟು ಅಂತ ಒಂದು ಕರಡಿಮರಿ ಹೇಳುತ್ತದೆ.

ನಮ್ಮ ರಸ್ತೆಗೆ ಇದು ತಿರುವು ಮುರುವು. ನಮ್ಮಲ್ಲಿ ರಸ್ತೆ ಅಂಚಿನಲ್ಲಿ ನಿಂತು ಒಂದು ಹೆಜ್ಜೆ ಕೆಳಗಿಟ್ಟರೆ ನಮಗೆ ಹತ್ತಿರದ ಅರ್ಧ ರಸ್ತೆಯಲ್ಲಿ ವಾಹನ ಬರುವುದು ಬಲಗಡೆಯಿಂದ. ಅದಕ್ಕೇ ಮೊದಲು ಬಲಕ್ಕೆ ನೋಡಬೇಕು, ಆಮೇಲೆ ಎಡಕ್ಕೆ, ಮತ್ತೆ ಒಂದು ಸಲ ಬಲಕ್ಕೆ, ಆಮೇಲೆ ನಡೆಯಬೇಕು, ಅರ್ಧ ದಾಟಿದ ಮೇಲೆ ಎಡಕ್ಕೆ ಕಣ್ಣಿಟ್ಟುಕೊಂಡೇ ಹೋಗಬೇಕು. ಐದು ವರ್ಷದ ಮಗು ಹೇಳಿಕೊಟ್ಟಿದ್ದನ್ನು ಅಕ್ಷರ ತಪ್ಪದೆ ಹಿಡಿದುಕೊಳ್ಳುತ್ತದೆ. ಎಡ ಬಲ ಎಡ ಅಂತ ಹಾಡಿನ ಹಾಗೆ ಬಾಯಿಪಾಠ ಮಾಡಿಸಿಬಿಟ್ಟರೆ, ಕೊನೆಯ ಸಲ ಎಡಕ್ಕೆ ನೋಡುತ್ತಾ ಕಾಲಿಡುತ್ತದೆ, ಬಲಗಡೆಯಿಂದ ಬರುವ ಬೈಕು ಅದಕ್ಕೆ ಕಾಣುವುದೇ ಇಲ್ಲ.

ಬೋರ್ಡುಗಳದ್ದೂ ಅದೇ ಕಥೆ. ಎಚ್ಚರಿಕೆ ಬೋರ್ಡುಗಳನ್ನು ಹಳದಿ ಬಣ್ಣದಲ್ಲಿ, ಚೌಕವನ್ನು ಮೂಲೆ ಮೇಲೆ ನಿಲ್ಲಿಸಿದ ಆಕಾರದಲ್ಲಿ ಮಾಡಿದ್ದಾರೆ. ನಮ್ಮ ರಸ್ತೆಗಳಲ್ಲಿ ಎಚ್ಚರಿಕೆ ಅಂದ್ರೆ ಕೆಂಪು ಅಂಚಿನ ತ್ರಿಕೋನ. ಮುಂದೆ ಶಾಲೆ ಇದೆ, ತಿರುವು ಇದೆ, ಹಂಪ್ ಇದೆ ಅನ್ನುವುದೆಲ್ಲ ತ್ರಿಕೋನದಲ್ಲೇ ಇರುತ್ತದೆ. ಹಾರ್ನ್ ಮಾಡಬಾರದು, ಒಳಗೆ ಹೋಗಬಾರದು ಅನ್ನುವಂಥವು ಕೆಂಪು ಅಂಚಿನ ಇಲ್ಲವೇ ಕೆಂಪು ಬಣ್ಣದ ದುಂಡು ಬೋರ್ಡು. ಆಸ್ಪತ್ರೆ, ಪೆಟ್ರೋಲ್ ಬಂಕ್ ತೋರಿಸುವವು ನೀಲಿ ಚೌಕ. ಆಕಾರ ನೋಡಿ ಅರ್ಥ ಹಿಡಿಯುವುದು ಮಕ್ಕಳಿಗೆ ಬಲು ಸುಲಭ, ಅಕ್ಷರ ಬರದಿದ್ದರೂ ಗೊತ್ತಾಗುತ್ತದೆ. ಆದರೆ ಮನೆಯಲ್ಲಿ ಕಲಿತ ಆಕಾರ ಹೊರಗೆ ಎಲ್ಲೂ ಕಾಣದಿದ್ದರೆ ಕಲಿತು ಏನು ಬಂತು? ಸ್ಟಾಪ್ ಬೋರ್ಡು ಮಾತ್ರ ಸರಿಯಾಗಿದೆ, ಎಂಟು ಮೂಲೆಯ ಕೆಂಪು ಬೋರ್ಡು ಎರಡೂ ಕಡೆ ಒಂದೇ.

ನಾವು ಮಾಡಿದ್ದು ಇಷ್ಟು. ಸ್ಟೇಷನರಿ ಅಂಗಡಿಯಿಂದ ಬಿಳಿ ಬಟ್ಟೆ ಟೇಪು ಮತ್ತು ಅಳಿಸದ ಕಪ್ಪು ಮಾರ್ಕರ್ ತಂದು, ಹಳೆಯ ಬಾಣಗಳ ಮೇಲೆ ಟೇಪು ಅಂಟಿಸಿ, ಸರಿಯಾದ ದಿಕ್ಕಿಗೆ ಹೊಸ ಬಾಣ ಬರೆದೆವು. ಬರೆಯುವ ಕೆಲಸಕ್ಕೆ ಮಕ್ಕಳನ್ನೇ ಕೂರಿಸಿದೆ. ಎಡಗಡೆ ಯಾವುದು, ನಮ್ಮ ಮನೆ ಮುಂದೆ ಹಾಲಿನ ವ್ಯಾನ್ ಯಾವ ಕಡೆಯಿಂದ ಬರುತ್ತದೆ ಅಂತ ಅವರೇ ಎದ್ದು ಹೋಗಿ ಗೇಟಿನ ಹತ್ತಿರ ನಿಂತು ನೋಡಿ ಬಂದು ಬರೆದರು. ಪುಸ್ತಕ ಓದಿ ಕಲಿಯುವುದಕ್ಕಿಂತ ಈ ತಿದ್ದುವ ಕೆಲಸದಲ್ಲಿ ಜಾಸ್ತಿ ಕಲಿತರು ಅಂತ ನನಗೆ ಅನ್ನಿಸಿತು. ಬೋರ್ಡುಗಳಿಗೆ ಬಿಸ್ಕೆಟ್ ಡಬ್ಬದ ರಟ್ಟು ಸಾಕು.

ಸಿಗ್ನಲ್ ಕಂಬದ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಂಪು, ಹಳದಿ, ಹಸಿರು ಮೂರೂ ಚೆನ್ನಾಗಿ ಉರಿಯುತ್ತವೆ. ನಾನು ತಂದ ಮೊದಲನೆಯದರಲ್ಲಿ ಹಸಿರು ಉರಿಯಲಿಲ್ಲ, ಅಂಗಡಿಯವರು ಮಾತಾಡದೆ ಬೇರೆ ಕೊಟ್ಟರು, ಒಳ್ಳೆಯವರು. ಆದರೆ ಇದು ವಾಹನಗಳಿಗಿರುವ ಸಿಗ್ನಲ್. ನಡೆಯುವವರಿಗೆ ಅಂತ ಮನುಷ್ಯನ ಚಿತ್ರ ಇರುವ ದೀಪ ಸೆಟ್‌ನಲ್ಲಿ ಇಲ್ಲ. ಪುಸ್ತಕ ಮಾತ್ರ "ಹಸಿರು ಅಂದರೆ ಹೋಗು" ಅಂತ ಕಲಿಸುತ್ತದೆ. ಮಗು ಗೊಂಬೆ ಹಿಡಿದುಕೊಂಡು ಹಸಿರು ಬಂದ ತಕ್ಷಣ ಜೀಬ್ರಾ ಮೇಲೆ ಓಡಿಸುತ್ತದೆ, ಅದೇ ಹಸಿರಿಗೆ ಕಾರುಗಳೂ ಹೊರಡುತ್ತವೆ! ಇದು ನಮ್ಮ ಮನೆಯಲ್ಲಿ ಆಡಿದ ಎಲ್ಲಾ ಮಕ್ಕಳೂ ಮಾಡಿದ್ದೇ. ಹಸಿರು ಅಂದರೆ ಗಾಡಿಗಳಿಗೆ ಹೋಗು, ನಮಗೆ ನಿಲ್ಲು ಅಂತ ಬಿಡಿಸಿ ಹೇಳಬೇಕು. ಗಾಡಿಗಳಿಗೆ ಕೆಂಪು ಬಿದ್ದ ಮೇಲೂ ಓಡಬಾರದು, ಗಾಡಿಗಳು ನಿಂತವಾ ಅಂತ ಚಕ್ರ ನೋಡಬೇಕು. ಕೆಂಪು ಬಿದ್ದರೂ ಎಡಕ್ಕೆ ತಿರುಗುವ ಬೈಕುಗಳು ನಮ್ಮೂರಲ್ಲಿ ನಿಲ್ಲುವುದೇ ಇಲ್ಲ, ಅದನ್ನೂ ಹೇಳಿಕೊಡಬೇಕು. ನಮ್ಮ ಹುಡುಗ ಈಗ "ಚಕ್ರ ನಿಂತಿದೆಯಾ?" ಅಂತ ಗಟ್ಟಿಯಾಗಿ ಕೇಳಿಕೊಂಡು ಗೊಂಬೆ ದಾಟಿಸುತ್ತಾನೆ. ಅದೊಂದು ಪ್ರಶ್ನೆ ಅವನ ಬಾಯಲ್ಲಿ ಉಳಿದರೆ ಸೆಟ್‌ಗೆ ಕೊಟ್ಟ ದುಡ್ಡು ಬಂದ ಹಾಗೆಯೇ.

ಒನ್ ವೇ ಅಂದುಕೊಂಡು ಒಂದೇ ಕಡೆ ನೋಡುವುದೂ ಬೇಡ. ಪೇಟೆ ಬೀದಿಯಲ್ಲಾಗಲಿ ನೂರಡಿ ರಸ್ತೆಯಲ್ಲಾಗಲಿ ಎದುರು ದಿಕ್ಕಿನಿಂದ ನುಗ್ಗುವ ಸ್ಕೂಟರ್ ಇದ್ದೇ ಇರುತ್ತದೆ. ಹಾಸಿನ ಮೇಲೆ ಒಂದು ಬೈಕನ್ನು ಬೇಕಂತಲೇ ರಾಂಗ್ ಸೈಡಲ್ಲಿ ಬಿಡುತ್ತೇನೆ, ಮಕ್ಕಳು ಅದನ್ನು ಕಂಡುಹಿಡಿದು ಕೂಗಬೇಕು. ಈ ಆಟ ಅವರಿಗೆ ಎಲ್ಲಕ್ಕಿಂತ ಇಷ್ಟ.

ಇನ್ನು ಸೆಟ್‌ನಲ್ಲಿ ಇಲ್ಲದೇ ಇರುವುದರ ಬಗ್ಗೆ. ಹಾಸಿನ ಮೇಲಿನ ಊರಿನಲ್ಲಿ ರಸ್ತೆ ಉದ್ದಕ್ಕೂ ಅಗಲವಾದ ಫುಟ್‌ಪಾತ್ ಇದೆ. ಆಟೋ ಇಲ್ಲ. ಹಸು, ನಾಯಿ ಇಲ್ಲ. ಫುಟ್‌ಪಾತ್ ಮೇಲೆ ನಿಲ್ಲಿಸಿದ ಕಾರೂ ಇಲ್ಲ. ಫುಟ್‌ಪಾತೇ ಇಲ್ಲದ ಕಡೆ ಹೇಗೆ ನಡೆಯಬೇಕು ಅನ್ನುವುದು ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ. ನಮ್ಮ ಮಕ್ಕಳು ದಿನವೂ ನಡೆಯುವುದು ಅಂಥ ರಸ್ತೆಯಲ್ಲೇ ತಾನೇ. ಅಲ್ಲಿ ರಸ್ತೆಯ ಬಲ ಅಂಚಿನಲ್ಲಿ, ಎದುರಿಗೆ ಬರುವ ವಾಹನ ಕಣ್ಣಿಗೆ ಕಾಣುವ ಹಾಗೆ ನಡೆಯಬೇಕು. ಮಗು ಒಳಗಡೆ, ದೊಡ್ಡವರು ರಸ್ತೆ ಕಡೆ.

ಮತ್ತೆ, ಕಬ್ಬಿನ ಟ್ರ್ಯಾಕ್ಟರ್. ಮಂಡ್ಯದ ಮಕ್ಕಳಿಗೆ ರಸ್ತೆ ಪಾಠ ಅಂದರೆ ಇದನ್ನು ಬಿಟ್ಟು ಹೇಳಲು ಆಗುವುದೇ ಇಲ್ಲ. 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂದಾಗಿನಿಂದ ಈ ಊರಿನ ರಸ್ತೆಗೂ ಕಬ್ಬಿನ ಗಾಡಿಗೂ ನಂಟು. ಆಗ ಎತ್ತಿನ ಗಾಡಿ ಜಾಸ್ತಿ, ಈಗ ಹಿಂದೆ ಒಂದೋ ಎರಡೋ ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರ್. ಕಾರ್ಖಾನೆಗೂ ಹೋಗುತ್ತವೆ, ಆಲೆಮನೆಗೂ ಹೋಗುತ್ತವೆ. ನಿಧಾನವಾಗಿ ಹೋಗುವುದನ್ನು ನೋಡಿದರೆ ಮಕ್ಕಳಿಗೆ ಹೆದರಿಕೆಯೇ ಆಗುವುದಿಲ್ಲ, ಹಿಂದೆ ಓಡಿ ಹೋಗಿ ಜೋತುಬಿದ್ದು ಒಂದು ಜಲ್ಲೆ ಎಳೆಯುತ್ತಾರೆ. ದೊಡ್ಡವರು ನೋಡಿ ನಗುತ್ತಾ ಸುಮ್ನೆ ಇರುತ್ತಾರೆ. ಡ್ರೈವರ್‌ಗೆ ಹಿಂದೆ ಏನೂ ಕಾಣುವುದಿಲ್ಲ, ಲೋಡು ಅಷ್ಟು ಎತ್ತರ, ಅಷ್ಟು ಅಗಲ. ಟೇಪ್ ರೆಕಾರ್ಡರ್ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ. ಜಲ್ಲೆ ಎಳೆಯುವಾಗ ಪಕ್ಕದ ಜಲ್ಲೆಗಳೂ ಜಾರಿ ಬಂದರೆ ಮಗು ಹಿಂದಕ್ಕೆ ಬೀಳುವುದು ರಸ್ತೆ ಮಧ್ಯಕ್ಕೆ, ಹಿಂದಿನಿಂದ ಬರುತ್ತಿರುವ ಗಾಡಿ ಮುಂದಕ್ಕೆ.

ಇದನ್ನು ಮಾತಿನಲ್ಲಿ ಹೇಳಿದರೆ ಮಕ್ಕಳು ಹೂಂ ಅಂತಾರೆ, ಅಷ್ಟೇ. ಅದಕ್ಕೆ ಹಾಸಿನ ಮೇಲೆ ಮಾಡಿ ತೋರಿಸಿದೆ. ಚನ್ನಪಟ್ಟಣದ ಒಂದು ಮರದ ಟ್ರ್ಯಾಕ್ಟರ್ ಮನೆಯಲ್ಲಿತ್ತು. ಅದರ ಹಿಂದೆ ಎರಡು ಬೆಂಕಿಪೊಟ್ಟಣಗಳನ್ನು ಸೂಜಿ ದಾರದಲ್ಲಿ ಪೋಣಿಸಿ ಕಟ್ಟಿದೆ. ಪೊಟ್ಟಣದ ತುಂಬ ಪೊರಕೆ ಕಡ್ಡಿ ಮುರಿದು ತುಂಬಿದೆವು, ಅದೇ ಕಬ್ಬು. ಸರ್ಕಲ್‌ನ ಮೂಲೆಯಲ್ಲಿ, ಗೆರೆಗೆ ಅಂಟಿಕೊಂಡ ಹಾಗೆ ಒಂದು ಗೊಂಬೆ ನಿಲ್ಲಿಸಿ, ನಿಧಾನಕ್ಕೆ ಟ್ರ್ಯಾಕ್ಟರನ್ನು ತಿರುಗಿಸು ಅಂತ ಮಗನಿಗೆ ಹೇಳಿದೆ. ಟ್ರ್ಯಾಕ್ಟರ್ ಗೊಂಬೆಯಿಂದ ದೂರದಲ್ಲೇ ಸುತ್ತಿ ಹೋಯಿತು. ಮೊದಲನೇ ಪೊಟ್ಟಣ ಗೊಂಬೆಯನ್ನು ಸವರಿಕೊಂಡು ಹೋಯಿತು. ಎರಡನೆಯದು ಮೂಲೆಯನ್ನು ಕತ್ತರಿಸಿಕೊಂಡು ಬಂದು ಗೊಂಬೆಯನ್ನು ಬೀಳಿಸಿ ಅದರ ಮೇಲೇ ಹತ್ತಿ ನಿಂತಿತು. "ಅಮ್ಮಾ, ಟ್ಯಾಕ್ಟ್ರು ಏನೂ ಮಾಡ್ಲಿಲ್ಲ, ಹಿಂದಿನ್ ಡಬ್ಬಿ ತುಳಿದ್ಬಿಡ್ತು" ಅಂದ. ಮತ್ತೆ ಮಾಡು ಅಂದೆ. ಗೊಂಬೆಯನ್ನು ಅವನೇ ಎರಡು ಬೆರಳು ಹಿಂದಕ್ಕೆ ಇಟ್ಟ, ಆಗಲೂ ಬಿತ್ತು. ಇನ್ನೂ ಹಿಂದಕ್ಕೆ ಇಟ್ಟ, ಉಳಿಯಿತು. ಉದ್ದದ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗಡೆಯಿಂದ ಬರುತ್ತದೆ. ಲಾರಿಗೂ ಅಷ್ಟೆ, ಬಸ್ಸಿಗೂ ಅಷ್ಟೆ. ಮೂಲೆಯಲ್ಲಿ ನಿಲ್ಲಬಾರದು ಅಂತ ನಾನು ಆಮೇಲೆ ಹೇಳಬೇಕಾಗಲಿಲ್ಲ, ಪಕ್ಕದ ಮನೆ ಹುಡುಗಿಗೆ ಅವನೇ ಹೇಳಿಕೊಟ್ಟ. ಆದ್ದರಿಂದ ಸೆಟ್ ಕೊಳ್ಳುವವರು ಪ್ಲಾಸ್ಟಿಕ್ ಕಾರುಗಳಷ್ಟನ್ನೇ ನಂಬಬೇಡಿ. ಚನ್ನಪಟ್ಟಣದ ಮರದ ಬಸ್ಸು, ಆಟೋ, ಲಾರಿ ಒಂದೊಂದು ಸೇರಿಸಿಕೊಳ್ಳಿ. ಮಂಡ್ಯದಿಂದ ಎಷ್ಟು ದೂರ, ಹಳೇ ರಸ್ತೆಯಲ್ಲಿ ಹೋದರೆ ಅಂಗಡಿಗಳು ಸಿಗುತ್ತವೆ.

ಬಸ್ಸಿನ ಪಾಠವೂ ಹಾಸಿನ ಮೇಲೆ ಚೆನ್ನಾಗಿ ಆಗುತ್ತದೆ. ಬಸ್ಸಿನಿಂದ ಇಳಿದ ಮಗು ಬಸ್ಸಿನ ಮುಂದಿನಿಂದ ದಾಟಬಾರದು, ಹಿಂದಿನಿಂದಲೂ ದಾಟಬಾರದು, ಬಸ್ಸು ಹೋಗುವವರೆಗೂ ನಿಲ್ಲಬೇಕು. ಯಾಕೆ ಅಂತ ತೋರಿಸಲು ಮಗುವನ್ನು ನೆಲದ ಮೇಲೆ ಬೋರಲು ಮಲಗಿಸಿ, ಗಲ್ಲ ನೆಲಕ್ಕೆ ತಾಗಿಸಿ, ಗೊಂಬೆಯ ಕಣ್ಣಿನ ಎತ್ತರದಿಂದ ನೋಡಲು ಹೇಳಿ. ಬಸ್ಸಿನ ಆಚೆ ಬರುತ್ತಿರುವ ಕಾರು ಕಾಣುವುದೇ ಇಲ್ಲ. ನೀವೂ ಒಂದು ಸಲ ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸಿದ ಕಾರಿನ ಪಕ್ಕ ಮಗುವಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ನೋಡಿ. ಬಾನೆಟ್ ಬಿಟ್ಟು ಬೇರೇನೂ ಕಾಣುವುದಿಲ್ಲ. "ನನಗೆ ಕಾರು ಕಾಣ್ತಿದೆ, ಅಂದ್ರೆ ಕಾರಿನವರಿಗೂ ನಾನು ಕಾಣ್ತೀನಿ" ಅಂತ ಚಿಕ್ಕ ಮಕ್ಕಳು ನಿಜವಾಗಿ ನಂಬುತ್ತಾರೆ.

ಡಬ್ಬದ ಮೇಲೆ ಒಂದು ಮಾತು ಬರೆದಿದ್ದಾರೆ, ಅದಕ್ಕೆ ಮಾತ್ರ ನನ್ನ ಕಟ್ಟುನಿಟ್ಟಿನ ವಿರೋಧ ಇದೆ. ಇದನ್ನು ಆಡಿದರೆ ಮಗು ಒಂಟಿಯಾಗಿ ರಸ್ತೆ ದಾಟಲು ತಯಾರಾಗುತ್ತದೆ ಅನ್ನುವ ಅರ್ಥದಲ್ಲಿ ಇದೆ. ಆಗುವುದಿಲ್ಲ. ದೂರದಿಂದ ಬರುವ ವಾಹನದ ವೇಗ ಎಷ್ಟು, ಅದು ಇಲ್ಲಿಗೆ ಬರಲು ಎಷ್ಟು ಹೊತ್ತು ಬೇಕು ಅಂತ ಅಂದಾಜು ಮಾಡುವ ಶಕ್ತಿ ಮಕ್ಕಳಿಗೆ ಒಂಬತ್ತು ಹತ್ತು ವರ್ಷದವರೆಗೂ ಸರಿಯಾಗಿ ಬಂದಿರುವುದಿಲ್ಲ. ನಿಯಮ ಎಷ್ಟು ಚೆನ್ನಾಗಿ ಒಪ್ಪಿಸಿದರೂ ಕೈ ಬಿಡುವ ವಯಸ್ಸು ಅದಲ್ಲ. ಚೆಂಡು ಉರುಳಿದರೆ, ಆ ಕಡೆ ಅಜ್ಜಿ ಕಂಡರೆ ಎಲ್ಲಾ ನಿಯಮ ಮರೆತು ಓಡುತ್ತಾರೆ. ಕೈ ಹಿಡಿಯಲೇಬೇಕು, ಬೆರಳಲ್ಲ, ಮಣಿಕಟ್ಟು.

ಹಾಸಿನ ಮೇಲೆ ಕಲಿತದ್ದನ್ನು ಹೊರಗೆ ಕರೆದುಕೊಂಡು ಹೋಗಿ ಮಾಡಿಸಿದರೆ ಮಾತ್ರ ಉಪಯೋಗ. ಭಾನುವಾರ ಬೆಳಿಗ್ಗೆ ವಾಹನ ಕಡಿಮೆ ಇರುವ ಅಡ್ಡರಸ್ತೆ ಇದಕ್ಕೆ ಸರಿ. ಅಂಚಿನಲ್ಲಿ ನಿಂತು, ಕೈ ಹಿಡಿದುಕೊಂಡೇ, "ಈಗ ಹೋಗಬಹುದಾ?" ಅಂತ ಮಗುವನ್ನೇ ಕೇಳಿ. ಹೂಂ ಅಂದರೆ ಯಾಕೆ ಅಂತ ಕೇಳಿ. ಕಾರಣ ಸರಿ ಇದ್ದರೆ ನಡೆಯಿರಿ, ಓಡಬೇಡಿ. ಮೈಸೂರು ಬೆಂಗಳೂರು ಹೆದ್ದಾರಿ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಮಾತ್ರ ಈ ಅಭ್ಯಾಸ ಬೇಡವೇ ಬೇಡ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡುತ್ತಿಲ್ಲ. ಅಲ್ಲಿಯ ವೇಗಕ್ಕೆ ಅದು ಸರಿಯಾದ ನಿರ್ಧಾರವೇ, ಆದರೆ ಅವೆಲ್ಲ ಓಡುವುದು ಈಗ ಸರ್ವೀಸ್ ರಸ್ತೆಯಲ್ಲಿ, ಎರಡೂ ದಿಕ್ಕಿಗೆ. ಆ ಪಕ್ಕದ ಹಳ್ಳಿ ಮಕ್ಕಳು ಅಂಗಡಿಗೆ ಹೋಗುವುದೂ ಶಾಲೆ ಬಸ್ಸಿಗೆ ಕಾಯುವುದೂ ಅಲ್ಲೇ. ಇಂಥ ರಸ್ತೆ ಯಾವ ಆಟದ ಹಾಸಿನಲ್ಲೂ ಇಲ್ಲ. ನಾವು ಟೇಪಿನಲ್ಲಿ ಒಂದು ಅಂಟಿಸಿಕೊಂಡಿದ್ದೇವೆ.

ಕೊನೆಗೆ ಆ ಹಳದಿ ಹೆಲ್ಮೆಟ್. ಇದನ್ನು ಸೆಟ್‌ನಲ್ಲಿ ಇಟ್ಟಿರುವುದೇ ತಪ್ಪು ಅನ್ನುತ್ತೇನೆ. ತೆಳು ಪ್ಲಾಸ್ಟಿಕ್, ಬೆರಳಲ್ಲಿ ಒತ್ತಿದರೆ ತಗ್ಗಾಗುತ್ತದೆ, ಒಳಗೆ ಥರ್ಮಾಕೋಲ್ ಕೂಡ ಇಲ್ಲ. ನಾಟಕಕ್ಕೆ ಸರಿ. ಆದರೆ ನೋಡಲು ನಿಜವಾದ ಹೆಲ್ಮೆಟ್ ತರಹವೇ ಇದೆ, ಮಗು ಖುಷಿಯಿಂದ ಹಾಕಿಕೊಂಡು ಸ್ಕೂಟರ್ ಹತ್ತುತ್ತದೆ, ಅಪ್ಪ ಅಮ್ಮನೂ ಇರಲಿ ಬಿಡು ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಡಿ ಹತ್ತುವ ಮಗುವಿಗೆ ಐಎಸ್‌ಐ ಗುರುತಿನ, ಐಎಸ್ 4151 ಅಂತ ನಮೂದಿಸಿರುವ ಹೆಲ್ಮೆಟ್ಟೇ ಬೇಕು. 2021ರ ಜೂನ್ 1ರಿಂದ ಆ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತೆಯೇ ಇಲ್ಲ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ, ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೇಳುವುದೇ ಅದು. ಅದಕ್ಕಿಂತ ಚಿಕ್ಕವರಿಗೂ ನಿಯಮ ಬಂದಿದೆ, 2022ರ ಫೆಬ್ರವರಿ 15ರಂದು ಪ್ರಕಟವಾಗಿ ಒಂದು ವರ್ಷದ ನಂತರ ಜಾರಿಯಾಯಿತು: 9 ತಿಂಗಳಿಂದ 4 ವರ್ಷದ ಮಗುವಿಗೆ ಅದರ ತಲೆಗೆ ಹೊಂದುವ ಹೆಲ್ಮೆಟ್, 4 ವರ್ಷದೊಳಗಿನ ಮಗುವನ್ನು ಸವಾರರ ಮೈಗೆ ಸೇರಿಸಿ ಕಟ್ಟುವ ಬೆಲ್ಟು, ಮತ್ತು ಮಗು ಹಿಂದೆ ಇರುವಾಗ ಗಂಟೆಗೆ 40 ಕಿಲೋಮೀಟರ್ ಮೀರದ ವೇಗ. ಆ ಬೆಲ್ಟು 30 ಕೆ.ಜಿ. ತೂಕ ತಡೆಯುವಂತಿರಬೇಕು. ಸ್ಕೂಟರ್ ಮುಂದೆ ಕಾಲಿಡುವ ಜಾಗದಲ್ಲಿ ಮಗುವನ್ನು ನಿಲ್ಲಿಸಿಕೊಂಡು ಹೋಗುವವರನ್ನು ದಿನವೂ ನೋಡುತ್ತೇನೆ, ಒಂದು ಜೋರು ಬ್ರೇಕ್ ಸಾಕು, ಹ್ಯಾಂಡಲ್ ಇರುವುದು ಮಗುವಿನ ಎದೆ, ಗಲ್ಲದ ಮಟ್ಟದಲ್ಲೇ.

ಮಕ್ಕಳ ಅಳತೆಯ ಹೆಲ್ಮೆಟ್ ಕೊಳ್ಳುವಾಗ ಮಗುವನ್ನು ಕರೆದುಕೊಂಡೇ ಹೋಗಿ. ಹುಬ್ಬಿನ ಮೇಲೆ ಎರಡು ಬೆರಳಷ್ಟು ಜಾಗ ಬಿಟ್ಟು ಕೂರಬೇಕು, ತಲೆ ಅಲ್ಲಾಡಿಸಿದರೆ ತಿರುಗಬಾರದು, ಗಲ್ಲದ ಪಟ್ಟಿ ಹಾಕಿದ ಮೇಲೆ ಹಿಂದಿನಿಂದ ಎತ್ತಿದರೆ ಕಳಚಬಾರದು. ಬೆಳೆಯುತ್ತಾನೆ ಅಂತ ಒಂದು ಸೈಜು ದೊಡ್ಡದು ತರುವುದು ಬಟ್ಟೆಗೆ ಸರಿ, ಹೆಲ್ಮೆಟ್ಟಿಗೆ ಬೇಡ.

ಒಟ್ಟಿನಲ್ಲಿ ನನ್ನ ಲೆಕ್ಕ ಹೀಗಿದೆ. ಹಾಸುವ ಬಟ್ಟೆಗೆ ಮತ್ತು ಸಿಗ್ನಲ್ ಕಂಬಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಪುಸ್ತಕಕ್ಕೆ ಒಂದೂ ಇಲ್ಲ, ಚಿತ್ರ ಬೇಕಿದ್ದರೆ ಕತ್ತರಿಸಿಕೊಳ್ಳಿ, ಎಡ ಬಲದ ಪುಟ ಮಾತ್ರ ಹರಿದು ಹಾಕಿ. 900 ರೂಪಾಯಿ ಜಾಸ್ತಿ ಅನ್ನಿಸಿದರೆ ಕೊಳ್ಳದೆಯೂ ನಡೆಯುತ್ತದೆ, ಅಂಗಳದಲ್ಲಿ ಚಾಕ್‌ಪೀಸಿನಿಂದ ರಸ್ತೆ ಬರೆದರೆ ಮಗು ಅದರ ಮೇಲೆ ತಾನೇ ನಡೆದು ಆಡಬಹುದು, ನಮ್ಮ ಬೀದಿಯ ಮಕ್ಕಳು ಅದನ್ನೂ ಇಷ್ಟೇ ಖುಷಿಯಿಂದ ಆಡುತ್ತಾರೆ. ಇಂಥ ಸೆಟ್ ತಯಾರಿಸುವವರು ಯಾರಾದರೂ ಓದುತ್ತಿದ್ದರೆ ಕೇಳಿಕೊಳ್ಳುವುದು ಇಷ್ಟೇ: ಎಡಕ್ಕೆ ಓಡುವ ರಸ್ತೆ, ತ್ರಿಕೋನದ ಬೋರ್ಡು, ಒಂದು ಆಟೋ, ಒಂದು ಟ್ರೈಲರ್ ಇರುವ ಟ್ರ್ಯಾಕ್ಟರ್, ಕನ್ನಡದಲ್ಲಿ ಒಂದು ಪುಸ್ತಕ. ಇನ್ನೂ ಇನ್ನೂರು ರೂಪಾಯಿ ಜಾಸ್ತಿ ಇಟ್ಟರೂ ನಾನು ತಗೊಳ್ಳುತ್ತೇನೆ, ನಮ್ಮ ಬೀದಿಯ ಶಿಶುವಿಹಾರಕ್ಕೂ ಒಂದು ಕೊಡಿಸುತ್ತೇನೆ. ಅಂಗಡಿಯವರು ಹೆಲ್ಮೆಟ್ಟು, ಪುಸ್ತಕ ಇಲ್ಲದೆ ಹಾಸು ಮಾತ್ರ ಬೇಕೆಂದರೂ ಕೊಡುತ್ತಾರಂತೆ, ಬೆಲೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಗುತ್ತದೆ ಅಂದರು. ಹೋದಾಗ ಕೇಳಿ ನೋಡಿ.